ಹುಬ್ಬಿಗೆ ಕಟ್ಟಿದ ಬೆಲ್

ಕಳೆದ ಸೋಮವಾರ ನಾನು ಒಬ್ಬ ಹೆಂಗಸನ್ನು ಅವಳ ಮನೆಯಿಂದಲೇ ಹೊರಗೆ ಕಳಿಸಿಬಿಡುತ್ತಿದ್ದೆ. ಅದೂ ಅವಳಿಗೆ ಉಪಕಾರ ಮಾಡಲು ಹೋಗಿ!

ಐಮಂಗಲದ ಹನುಮಕ್ಕ ನನ್ನ ನಲವತ್ತು ವರ್ಷದ ಫ್ರೆಂಡ್. ಕುರಿ ಕಾಯುವ ಮನೆತನ. ಆರು ತಿಂಗಳ ಹಿಂದೆ ಲಕ್ವ ಹೊಡೆದು ಮಾತು ಹೋಯಿತು, ಕೈಕಾಲು ಬಿದ್ದವು. ಉಳಿದದ್ದು ಎಡಹುಬ್ಬು ಒಂದೇ. (ಒಂದೇ ಕೂಗಿಗೆ ಇಡೀ ಹಿಂಡನ್ನು ತಿರುಗಿಸುತ್ತಿದ್ದವಳು. ಆ ಕೂಗು ಈಗಲೂ ನನ್ನ ಕಿವಿಯಲ್ಲಿದೆ.)

"ಅವ್ವಂಗೆ ಏನೂ ತಿಳಿಯಲ್ಲ ಬಿಡ್ರಿ," ಎನ್ನುತ್ತಾಳೆ ಹೊಳಲ್ಕೆರೆಗೆ ಕೊಟ್ಟ ಮಗಳು ತಿಪ್ಪಮ್ಮ, ಅವಳ ಎದುರಿಗೇ.

ತಿಳಿಯುತ್ತದೆಂದು ಪ್ರೂವ್ ಮಾಡಲೇಬೇಕೆಂದು ಹಟ ಹಿಡಿದೆ. ಹಿರಿಯೂರಿನಲ್ಲಿ ರೇಡಿಯೋ ರಿಪೇರಿ ಮಾಡುವ ರಹಮತ್ ಸಾಬರನ್ನು ಕರೆದೊಯ್ದೆ. ಅವರು ಹನುಮಕ್ಕನ ಹಣೆಗೆ ತೆಳ್ಳನೆಯ ಹಿತ್ತಾಳೆ ಪಟ್ಟಿ ಅಂಟಿಸಿದರು. ಹುಬ್ಬು ಎತ್ತಿದರೆ ಪಟ್ಟಿ ತಂತಿಗೆ ತಗಲಿ ಬೆಲ್ ಹೊಡೆಯಬೇಕು. ಬೆಳಿಗ್ಗೆ ಹೊಡೆಯಿತು. ಮಧ್ಯಾಹ್ನ, ಹುಬ್ಬು ದಣಿದ ಮೇಲೆ, ಇಲ್ಲ.

"ಜೋರಾಗಿ ಎತ್ತವ್ವಾ!" ತಿಪ್ಪಮ್ಮ ಗದರಿದಳು.

"ರೇಡಿಯೋ ಗೊರಗೊರ ಅಂದ್ರೆ ಹಾಡೋಳನ್ನ ಬೈತೀಯೇನಮ್ಮ? ನಾಬ್ ತಿರುಗಿಸ್ತೀಯ ತಾನೆ?" ಎಂದರು ಸಾಬರು. ಪಟ್ಟಿಗೊಂದು ಸ್ಕ್ರೂ ಕೂರಿಸಿದರು. ಹುಬ್ಬು ದಣಿದರೆ ಸ್ಕ್ರೂ ತಿರುಗಿಸಿ ಪಟ್ಟಿಯನ್ನು ತಂತಿಗೆ ಹತ್ತಿರ ತರುವುದು, ಚುರುಕಾಗಿದ್ದರೆ ದೂರ. ಬ್ರಿಲಿಯಂಟ್!

ರೂಲ್ ಮಾತ್ರ ನಾನು ಮಾಡಿದೆ. ಬೆಲ್ ಆದರೆ ಯೆಸ್, ಸುಮ್ಮನಿದ್ದರೆ ನೋ. ಹನುಮಕ್ಕನಿಗೆ ಒಮ್ಮೆ ಹೇಳಿದೆ, ಆಯಿತೆಂದುಕೊಂಡೆ. (ಕಾನ್ವೆಂಟಿನಲ್ಲಿ ಕಲಿತವಳು ನೋಡಿ, ರೂಲ್ ಇಲ್ಲದೆ ನನಗೆ ಉಸಿರಾಡಲು ಬರುವುದಿಲ್ಲ.)

ತಿಪ್ಪಮ್ಮ ಕೇಳಿದಳು: "ಯವ್ವಾ, ನನ್ ಜತೆ ಹೊಳಲ್ಕೆರೆಗೆ ಬರ್ತೀಯ? ಈ ಕುರಿ ರೊಪ್ಪದ ಪಕ್ಕ ಯಾಕೆ ಬಿದ್ದಿರ್ತೀಯ?"

ಟ್ರಿಣ್! ಮತ್ತೆ ಟ್ರಿಣ್!

ನಾನು ಚಪ್ಪಾಳೆ ತಟ್ಟಿದೆ. ತಿಪ್ಪಮ್ಮ ಅವ್ವನ ಸೀರೆಗಳನ್ನು ಗಂಟು ಕಟ್ಟತೊಡಗಿದಳು. ಹನುಮಕ್ಕನ ಕಣ್ಣಲ್ಲಿ ನೀರು. "ಖುಷಿಗೆ," ಎಂದಳು ಮಗಳು. ನಾನೂ ನಂಬಿದೆ. ಶೇಮ್ ಆನ್ ಮಿ.

ಅಷ್ಟರಲ್ಲಿ ತಿಪ್ಪಮ್ಮ ಸಾಬರಿಗೆ, "ಇನ್ನೊಂದ್ ಲೋಟ ಕಾಫಿ ಕುಡೀರಿ," ಎಂದಳು. ಅವರ ಬಾಯಿ ತುಂಬ ಎಲೆ ಅಡಿಕೆ. ಹುಬ್ಬು ಮೇಲೆತ್ತಿ "ಲೊಚ್" ಎಂದರು.

ನಮ್ಮ ಕಡೆ ಬೇಡ ಎನ್ನುವುದೇ ಹಾಗಲ್ಲವೇ? ಹುಬ್ಬು ಮೇಲೆ, ನಾಲಿಗೆಯಲ್ಲಿ ಒಂದು ಲೊಚ್. ಹನುಮಕ್ಕನ ನಾಲಿಗೆ ಹೋಗಿತ್ತು. ಹುಬ್ಬು ಉಳಿದಿತ್ತು.

"ತಿಪ್ಪಮ್ಮ, ಸ್ಟಾಪ್! ಗಂಟು ಬಿಚ್ಚು!" ಎಂದು ಕೂಗಿ ಮಂಚದ ಪಕ್ಕ ಕುಳಿತೆ.

"ನೀನು ಹನುಮಕ್ಕನಾ?" ಬೆಲ್ ಸುಮ್ಮನಿತ್ತು.

"ನಾನು ನಿನ್ನ ಮಗಳಾ?" ಎಂದೆ ನಾನು. ಟ್ರಿಣ್. ಅಂದರೆ, ಅಲ್ಲ!

"ಹೊಳಲ್ಕೆರೆಗೆ ಹೋಗ್ತೀಯಾ?"

ಆ ಬೆಲ್ ನಿಲ್ಲಲೇ ಇಲ್ಲ.

"ಅಯ್ಯೋ ನಮ್ಮವ್ವಾ! ಆವಾಗ್ಲಿಂದ ಬ್ಯಾಡ ಬ್ಯಾಡ ಅಂತಿದ್ದೆಯಾ?" ತಿಪ್ಪಮ್ಮ ಅವ್ವನ ಕಾಲು ಹಿಡಿದುಕೊಂಡಳು. "ಇಲ್ಲೇ ಇರು. ನಾನೇ ಬಂದು ಹೋಗಿ ಮಾಡ್ತೀನಿ."

ಹೊರದೇಶಗಳಲ್ಲಿ ಈಗ ತಲೆಗೆ ವೈರ್ ಅಂಟಿಸಿ, ಮೆದುಳು, ನಾಡಿ, ಬೆವರು ಎಲ್ಲವನ್ನೂ ಕಂಪ್ಯೂಟರಿಗೆ ಓದಿಸಲು ಹೊರಟಿದ್ದಾರೆಂದು ಇಂಗ್ಲಿಷ್ ಮ್ಯಾಗಜೀನೊಂದರಲ್ಲಿ ಓದಿದೆ. ಮನುಷ್ಯ ದಣಿದರೆ ಮೆಷಿನ್ ತಾನೇ ಹೊಂದಿಕೊಳ್ಳುತ್ತದಂತೆ. ವಂಡರ್‌ಫುಲ್. ಅದು ಆಗಲೇಬೇಕು, ಐಮಂಗಲಕ್ಕೂ ಬರಲೇಬೇಕು. ಬರುವವರೆಗೆ ನಾನೂ ಸಾಬರೂ ಬಿಡುವವರಲ್ಲ.

ಆದರೆ ಅದಕ್ಕೆ ರೂಲ್ ಬರೆಯುವ ಮೊದಲು, ಮಂಚದ ಮೇಲೆ ಮಲಗಿರುವವಳನ್ನು ಒಂದು ಮಾತು ಕೇಳುವವರು ಯಾರು?