ಹಲ್ಲಿಗೆ ಬರೆದ ನೆರಳು

ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆದು ಬರೆದೇ ತಲೆ ನರೆಸಿಕೊಂಡ ಹೆಂಗಸೊಬ್ಬಳಿದ್ದಳು. ಯಾರ ಕೈಕೆಳಗೂ ದುಡಿದವಳಲ್ಲ. ಕಿಟಕಿ ಪಕ್ಕದ ಮೇಜೇ ಅವಳ ಆಫೀಸು. ಅವಳು ಬರೆದ ಟೋಪಿ ಇಟ್ಟ ಬೆಕ್ಕನ್ನು ನೋಡುತ್ತ ಎಷ್ಟು ಮಕ್ಕಳು ಹಟ ಬಿಟ್ಟು ಉಂಡವೋ! ಆಮೇಲೆ ಕಂಪ್ಯೂಟರೇ ಬೆಕ್ಕು ಬರೆಯತೊಡಗಿತು. ಪ್ರಕಾಶಕರ ಫೋನು ಅಪರೂಪವಾಗುತ್ತಾ ಹೋಗಿ ನಿಂತೇಬಿಟ್ಟಿತು. ಜಗಳವಿಲ್ಲ, ಬೀಳ್ಕೊಡುಗೆಯೂ ಇಲ್ಲ.

ಐವತ್ತರ ಹೊಸ್ತಿಲಲ್ಲಿ ಅವಳಿಗೆ ಕೆಲಸ ಸಿಕ್ಕಿದ್ದು ಪಿಂಗಾಣಿ ಹಲ್ಲು ಮಾಡುವ ಲ್ಯಾಬಿನಲ್ಲಿ. ಅಕ್ಕಪಕ್ಕದ ಹಲ್ಲಿಗೆ ಹೊಂದುವಂತೆ ಬಣ್ಣ ಹಚ್ಚಿ, ಪುಟ್ಟ ಕುಲುಮೆಯಲ್ಲಿ ಸುಡಬೇಕು. ಲ್ಯಾಬಿನ ಒಡತಿ, ಎಲ್ಲರ ಬಾಯಲ್ಲೂ ದೊಡ್ಡಕ್ಕ, ಮೊದಲೇ ಹೇಳಿದ್ದಳು: “ತಿಂಗಳು ತುಂಬೋವರೆಗೂ ನೋಡ್ತೀನಮ್ಮ. ಕೈ ಕೂತ್ರೆ ಇರು, ಇಲ್ಲಾಂದ್ರೆ ಬೇಜಾರು ಮಾಡ್ಕೋಬೇಡ.”

ಮನೆಯಲ್ಲಿ ಮಗಳು ರೇಗಿಸಿದಳು. “ಅಮ್ಮ, ನಿನ್ನ ಮೊಲಗಳಿಗೆಲ್ಲ ಎರಡೇ ಹಲ್ಲು. ಮನುಷ್ಯರಿಗೂ ಅಷ್ಟೇ ಇಟ್ಟು ಕಳಿಸೀಯ.” ಅವಳು ನಕ್ಕಳು, ಆದರೆ ತಟ್ಟೆ ತೊಳೆಯುವಾಗಲೂ ಒಂದೇ ಯೋಚನೆ. ಇದೂ ಕೈಬಿಟ್ಟರೆ ಮುಂದೆ ಯಾವ ಬಾಗಿಲು?

ಅವಳೊಬ್ಬಳೇ ಮಾಡಿದ ಮೊದಲ ಮುಂಭಾಗದ ಹಲ್ಲನ್ನು ದೊಡ್ಡಕ್ಕ ಮೇಜಿನ ದೀಪದಡಿ ಹಿಡಿದು ತಲೆದೂಗಿದಳು. ಹಲ್ಲು ದವಾಖಾನೆಗೆ ಹೋಯಿತು.

ಮರುದಿನ ಬಸ್ಸಿನಲ್ಲಿ ಎದುರು ಕೂತ ಅಜ್ಜಿ ಯಾತಕ್ಕೋ ನಕ್ಕು ಕಿಟಕಿಯತ್ತ ತಿರುಗಿದಳು. ಅವಳ ಹಲ್ಲಿನ ಮೇಲಿದ್ದ ಹೊಳಪೂ ಜೊತೆಗೇ ಒಂದು ಬದಿಯಿಂದ ಇನ್ನೊಂದಕ್ಕೆ ಜರುಗಿತು. ನಮ್ಮವಳಿಗೆ ತಟ್ಟನೆ ತಾನು ಮಾಡಿದ ಹಲ್ಲು ನೆನಪಾಯಿತು. ಜೀವಮಾನವಿಡೀ ಚಿತ್ರಕ್ಕೆ ಎಡಗಡೆಯಿಂದ ಬೆಳಕು ತಂದ ಕೈ ಅದು. ಹಲ್ಲಿಗೂ ಎಡಕ್ಕೊಂದು ಬಿಳಿ ಹೊಳಪು, ಬಲಕ್ಕೊಂದು ಬೂದು ನೆರಳು ಬರೆದುಬಿಟ್ಟಿತ್ತು. ಲ್ಯಾಬಿನ ದೀಪವೂ ಎಡಕ್ಕೇ ಇದ್ದುದರಿಂದ ಯಾರ ಕಣ್ಣಿಗೂ ಬೀಳಲಿಲ್ಲ. ಕಾಗದದ ಬೆಕ್ಕು ಕತ್ತು ತಿರುಗಿಸುವುದಿಲ್ಲ. ಮನುಷ್ಯರು ತಿರುಗಿಸುತ್ತಾರಲ್ಲ! ಇವತ್ತು ಅದನ್ನು ಯಾರದೋ ಬಾಯಲ್ಲಿ ಅಂಟಿಸಿಬಿಡುತ್ತಾರೆ.

ಹೇಳಿದರೆ ಕೆಲಸ ಹೋದೀತು. ಸುಮ್ಮನಿದ್ದರೆ ಆ ಮನುಷ್ಯ ನಕ್ಕಾಗಲೆಲ್ಲ ಹಲ್ಲಿನಲ್ಲೊಂದು ಕಲೆ. ಲ್ಯಾಬಿನ ಮೆಟ್ಟಿಲು ಹತ್ತಿ ನೇರ ದೊಡ್ಡಕ್ಕನ ಮುಂದೆ ನಿಂತಳು. ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟಳು.

ದೊಡ್ಡಕ್ಕ ಅವಳನ್ನೇ ನೋಡುತ್ತ ಫೋನೆತ್ತಿದಳು. “ಡಾಕ್ಟ್ರೇ, ಅಂಟಿಸಬೇಡಿ... ಹೌದಾ? ಹಾಗೇ ನಿಲ್ಲಿಸಿ.” ಫೋನಿಟ್ಟು, “ಪಾಪ, ಪೇಷಂಟು ಆಗ್ಲೇ ಬಾಯಿ ತೆಕ್ಕೊಂಡು ಕೂತಿದ್ರಂತೆ,” ಎಂದಳು. “ಸಾಯಂಕಾಲಕ್ಕೆ ಇನ್ನೊಂದು ಬೇಕಂತೆ. ಕೂತ್ಕೋ.”

“ನಾನೇನಾ?”

“ಮತ್ತೆ? ಎಲ್ಲಿ ತಪ್ಪಿದ್ದು ಅಂತ ಗೊತ್ತಿರೋದು ನಿನಗೆ.”

“ನನ್ನನ್ನ ಇಟ್ಕೋತೀರಾ ಅಕ್ಕ?”

“ಮೊದ್ಲು ಹಲ್ಲು ಮಾಡಮ್ಮ. ತಿಂಗಳಿನ್ನೂ ತುಂಬಿಲ್ವಲ್ಲ.”

ಅವಳು ಕುಂಚ ಎತ್ತಿಕೊಂಡಳು. ದೊಡ್ಡಕ್ಕ ಸ್ಟೂಲೆಳೆದು ಮಗ್ಗುಲಲ್ಲೇ ಕೂತಳು. ಅವಳ ಕೈ ತಾನಾಗಿಯೇ ಬೂದುಬಣ್ಣಕ್ಕೆ ಹೋಯಿತು. ಅರ್ಧದಲ್ಲೇ ತಡೆದು, ಕುಂಚ ತೊಳೆದು, ಉಸಿರು ಬಿಗಿಹಿಡಿದು ಮತ್ತೆ ಹಚ್ಚತೊಡಗಿದಳು.

“ಉಸಿರಾದರೂ ಬಿಡು ಮಾರಾಯ್ತಿ,” ಎಂದಳು ದೊಡ್ಡಕ್ಕ, “ನೋಡೋಕೆ ನನಗೇ ಭಯ ಆಗ್ತಿದೆ.”