ಹರಳೆಣ್ಣೆ ಕುಡಿದ ಪಿಕಪ್ಪು

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಗಣಿತದ ಒಂದು ಪೇಪರನ್ನು ಮೂರು ಸಲ ಬರೆದು ಪಾಸಾದವಳು, ಹೇಳಿಕೊಳ್ಳಲು ಸಂಕೋಚವೇನಿಲ್ಲ.

ಆ ಶುಕ್ರವಾರ, ಬಾಣಂತನ ಮುಗಿಸಿದ ಅಕ್ಕನನ್ನೂ ಕೂಸನ್ನೂ ತೊಟ್ಟಿಲ ಸಮೇತ ಹರಿಹರದ ಗಂಡನ ಮನೆಗೆ ಕಳಿಸಬೇಕಿತ್ತು. ಹತ್ತೂವರೆಗೆ ರಾಹುಕಾಲ. ಅಷ್ಟರೊಳಗೆ ವಿನೋಬನಗರ ಬಿಡದಿದ್ದರೆ ಬೀಗರ ಮೂತಿ ವರ್ಷವಿಡೀ ಊದಿಕೊಂಡಿರುತ್ತಿತ್ತು. ಆದರೆ ಅಪ್ಪನ ಪಿಕಪ್ಪು ಹಿಂದಿನ ದಿನ ಕೊಕ್ಕನೂರಿನ ನಾಲೆಗಿಳಿದು, ಅದರ ಗೇರ್ ಆಯಿಲಿಗೆ ನೀರು ಸೇರಿ ಹಾಲು ಹಾಕಿದ ಚಹಾದಂತಾಗಿತ್ತು. ಅದನ್ನು ಬದಲಿಸದೆ ಹರಿಹರದವರೆಗೆ ಓಡಿಸುವಂತಿರಲಿಲ್ಲ. ಹೊಸ ಆಯಿಲಿನ ಡಬ್ಬವೇನೋ ಮನೆಯಲ್ಲೇ ಇತ್ತು.

"ಗ್ಯಾರೇಜಿನ ಮೇಸ್ತ್ರಿ ಹತ್ತಕ್ಕೆ ಬಾಗ್ಲು ತೆಗಿತಾನೆ," ಅಂದ ಅಪ್ಪ.

"ಮೇಸ್ತ್ರಿ ಯಾಕಪ್ಪಾ? ಎಲ್ಲಾ ಗಾಡಿ ಜೊತೆ ಬಂದ ಬುಕ್ಕಲ್ಲೇ ಐತೆ."

ಗೋಣಿಚೀಲ ಹಾಸಿ ಗಾಡಿಯಡಿ ಮಲಗಿದೆ. ಮುಂದಿನ ಚಕ್ರಗಳ ನಡುವಿನ ಗೇರಿನ ಗೂಡಾದ ಡಿಫರೆನ್ಶಿಯಲ್, ಹಿಂದಿನದು, ನಾಲ್ಕೂ ಚಕ್ರಕ್ಕೆ ಎಳೆತ ಹಂಚುವ ಟ್ರಾನ್ಸ್‌ಫರ್ ಕೇಸ್, ಮೂರರದ್ದೂ ಕೆಳಗಿನ ಬೋಲ್ಟು ಬಿಚ್ಚಿ ಹಳೇ ಎಣ್ಣೆ ಸುರಿಸಿಬಿಟ್ಟೆ. ಕೆಳಗಿನವನ್ನು ಮತ್ತೆ ಬಿಗಿದು, ಹೊಸದು ಹಾಕಲು ಮೇಲಿನ ಬೋಲ್ಟುಗಳಿಗೆ ಕೈ ಹಾಕಿದೆ. ಎರಡು ಬಿಚ್ಚಿದವು. ಹಿಂದಿನದು ತುಕ್ಕು ಹಿಡಿದು ಜಪ್ಪಯ್ಯ ಅನ್ನಲಿಲ್ಲ.

ಅಪ್ಪ ಬಗ್ಗಿ ನೋಡಿದ. "ಬುಕ್ಕು ಏನಂತೈತೆ, ಯವ್ವಾ?"

ಹಾಳೆ ಹಿಂದಕ್ಕೆ ತಿರುವಿದೆ. ಮೊದಲು ಮೇಲಿನದನ್ನೇ ಬಿಚ್ಚಿ ನೋಡಬೇಕೆಂದು ದಪ್ಪ ಅಕ್ಷರದಲ್ಲಿತ್ತು. ನಾನು ಓದಿದ್ದು ಅದರ ಮುಂದಿನ ಪುಟದಿಂದ.

"ಇದು ಸಿಲಬಸ್ಸಲ್ಲಿರ್ಲಿಲ್ಲಪ್ಪಾ."

ಎಣ್ಣೆಯಿಲ್ಲದ ಗಾಡಿ ಮೇಸ್ತ್ರಿಯ ಬಾಗಿಲವರೆಗೂ ಹೋಗುವಂತಿಲ್ಲ. ಅಕ್ಕ ತೊಟ್ಟಿಲ ಪಕ್ಕ ಸೀರೆ ಉಟ್ಟು ಕೂತು ಗಡಿಯಾರ ನೋಡುತ್ತಿದ್ದಳು.

ಕೂಸಿಗೆ ಎಣ್ಣೆ ತಿಕ್ಕುತ್ತಿದ್ದ ಅಜ್ಜಿ, ಬೆಚ್ಚಗಿನ ಹರಳೆಣ್ಣೆ ಬಟ್ಟಲು ಹಿಡಿದೇ ಬಂದಳು. "ಸರಿಯೇ ಅತ್ಲಾಗೆ. ಕೂಸಿಗೆ ಹೊಟ್ಟಿ ಕಟ್ಟಿದ್ರೂ ಇದೇ, ಇದಕ್ಕೂ ಇದೇ."

ಬೋಲ್ಟಿಗೆ ಸುರಿದೆವು. ನಾನು ಸುತ್ತಿಗೆಯಿಂದ ಕುಟ್ಟಿದೆ, ಅಪ್ಪ ಬೋಲ್ಟು ತಿರುಗಿಸುವ ಪಾನಕ್ಕೆ ಉದ್ದದ ಪೈಪು ತೂರಿಸಿ ಜಗ್ಗಿದ. ಕಿರ್ರ್!

"ಸಡ್ಲಾತು ನೋಡು!" ಅಜ್ಜಿ ಚಪ್ಪಾಳೆ ತಟ್ಟಿದಳು.

ಆಳಿಕೆಗೆ ಪೈಪು ಸಿಕ್ಕಿಸಿ ಹೊಸ ಎಣ್ಣೆ ಹಾಕಿದೆವು. ತೂತಿನಿಂದ ಹೊರಗೆ ಜಿನುಗುವವರೆಗೆ ಹಾಕಬೇಕು. ಇದನ್ನು ಈ ಸಲ ಎರಡು ಬಾರಿ ಓದಿದ್ದೆ.

"ಕಕ್ತು ಅಂದ್ರೆ ಹೊಟ್ಟಿ ತುಂಬ್ತು ಅಂತ," ಅಂದಳು ಅಜ್ಜಿ. "ಇದಕ್ಕೂ ಬುಕ್ ಬೇಕೇನೇ?"

ಹತ್ತೂ ಇಪ್ಪತ್ತೈದಕ್ಕೆ ಹೊರಟೆವು.

ಹರಿಹರದಲ್ಲಿ ಬೀಗಿತ್ತಿ ತೊಟ್ಟಿಲು ಇಳಿಸಿಕೊಳ್ಳುತ್ತಾ ಮೂಗೇರಿಸಿದರು. "ಏನ್ರೀ ಇದು, ಕೊಳೆತ ಬಳ್ಳೊಳ್ಳಿ ವಾಸ್ನಿ?"

ಬೆಳ್ಳುಳ್ಳಿಯಂತೆ ನಾರುವ ಗೇರ್ ಆಯಿಲ್ ನನ್ನ ಜಡೆಯಲ್ಲಿತ್ತು. ಅಪ್ಪ ಎದೆಯುಬ್ಬಿಸಿ ಹೇಳಿದ: "ನಮ್ ಮಗ್ಳು ಬಿಎಸ್ಸಿ ಮಾಡ್ಯಾಳಲ್ರಿ, ಅದ್ರದು."

ಬೀಗಿತ್ತಿ ಗೌರವದಿಂದ ತಲೆಯಾಡಿಸಿ, ತೊಟ್ಟಿಲನ್ನು ನನ್ನಿಂದ ಎರಡು ಮಾರು ದೂರ ಸರಿಸಿದರು.