ಉಲ್ಟಾ ಬಂದ ಗೆರೆ

ಕೂಸು ಹೋದ ನಾಲ್ಕನೆಯ ದಿನ ನಾನು ಕೆಲಸಕ್ಕೆ ಹೋದೆ. ಹೋಗಬಾರದಿತ್ತೋ ಏನೋ. ಮುಂಬಯಿಯ ಪರೇಲಿನ ಚಾಳಿನ ಒಂದೇ ಖೋಲಿಯಲ್ಲಿ ಅವ್ವ, ಹೆಂಡತಿ, ನಾನು. ಹೊರಗೆ ಮಿಲ್ಲಿನ ಭೋಂಗಾದ ಕೂಗು. ಎಲ್ಲಿ ಅಂತ ಕೂಡಬೇಕು? ದುಃಖ ಅನ್ನುತ್ತಾರಲ್ಲ, ಅದು ನನಗೆ ಬರಲೇ ಇಲ್ಲ. ಮೈಯೆಲ್ಲ ಜೋಮು ಹಿಡಿದ ಹಾಗಿತ್ತು, ಅಷ್ಟೆ.

ಆಸ್ಪತ್ರೆಯ ನರ್ಸ್ ಹೇಳಿದ್ದು ಒಂದೇ ಮಾತು: "ಬಚ್ಚಾ ಉಲ್ಟಾ ಥಾ." ತಲೆಯ ಬದಲು ಕಾಲು ಮುಂದಾಗಿ ಬಂದಿತ್ತು, ಉಸಿರು ಉಳಿಯಲಿಲ್ಲ. ಆ ಶಬ್ದ ಅವ್ವನ ಬಾಯಿಗೆ ಸಿಕ್ಕಿಬಿಟ್ಟಿತು. "ಬ್ಯಾಡ ಬ್ಯಾಡ ಅಂದ್ರೂ ಕೊಡಾ ಹೊತ್ತು ಮೂರ ಮಾಳಿಗಿ ಹತ್ತಿದ್ಲವಾ. ಕೂಸು ಉಲ್ಟಾ ಆಗಲಾರ್ದ ಏನಾಕ್ಕೈತಿ?" ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಹೆಂಡತಿ ಹಾಲು ಬತ್ತಲೆಂದು ಎದೆಗೆ ಹಳೇ ಸೀರೆಯ ತುಂಡು ಬಿಗಿದುಕೊಂಡು ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದಳು. ಆ ಮುಂಜಾನೆ ನಾನು ಚಪ್ಪಲಿ ಮೆಟ್ಟುವಾಗ ಕೇಳಿದಳು: "ರೀ, ಖರೇನ ಇದು ನನ್ನ ತಪ್ಪೇನ್ರೀ?"

ಕೆಳಗಿನ ನಲ್ಲಿಯಿಂದ ನೀರು ತರಬೇಕಾಗಿದ್ದವನು ನಾನು. ಲೋಕಲ್ ರೈಲು ತಪ್ಪುತ್ತದೆ ಎಂದು ದಿನಾ ಓಡುತ್ತಿದ್ದೆ. ಅಂದೂ ಓಡಿದೆ. ಉತ್ತರ ಕೊಡಲಿಲ್ಲ. ಮರುದಿನವೂ ಕೊಡಲಿಲ್ಲ. ಅವಳು ಮತ್ತೆ ಕೇಳಲಿಲ್ಲ, ಆದರೆ ನಾನು ಒಳಗೆ ಬಂದಾಗಲೆಲ್ಲ ಕಾಯುತ್ತಿದ್ದಳು. ಅದು ನನಗೆ ಗೊತ್ತಿತ್ತು.

ಅದು ಐವತ್ತರ ದಶಕದ ಕೊನೆ. ಸಾಂತಾಕ್ರೂಜಿನ ಒಂದು ಬಾಡಿಗೆ ಬಂಗಲೆಯಲ್ಲಿ ನಮ್ಮ ಲ್ಯಾಬು. ನಾನು ವೈರು ಬೆಸೆಯುವ ಮೆಕ್ಯಾನಿಕ್ಕು. ಸಂಶೋಧನೆ ಮಾಡುವ ಸರ್ ವಿಜಾಪುರದ ಕಡೆಯವರು. ದೊಡ್ಡ ಅಯಸ್ಕಾಂತದ ನಡುವೆ ನೀರಿನ ನಳಿಗೆ ಇಟ್ಟು ರೇಡಿಯೋ ಅಲೆ ಬಿಟ್ಟರೆ ನೀರಿನ ಪರಮಾಣುಗಳು ಮರುದನಿ ಕೊಡುತ್ತವೆ. ಅದು ಕಾಗದದ ಮೇಲೆ ಗುಡ್ಡವಾಗಿ ಮೂಡುತ್ತದೆ. ಗುಡ್ಡವೇನು ಬಂತು, ಗುಳ್ಳೆಯಷ್ಟು! ಮೇಲೆ ವಿಮಾನ ಹಾರಿದರೆ ಗೆರೆ ಬರೆಯುವ ಮುಳ್ಳು ನಡುಗಿ ಅದೂ ಕಾಣದಾಗುತ್ತಿತ್ತು. ಪರಮಾಣುಗಳೊಳಗಿನ ಪುಟ್ಟ ಅಯಸ್ಕಾಂತಗಳಲ್ಲಿ ಹೆಚ್ಚುಕಡಿಮೆ ಅರ್ಧ ಈ ಕಡೆ, ಅರ್ಧ ಆ ಕಡೆ ಮುಖ ಮಾಡಿರುವುದರಿಂದ ಹೀಗಂತೆ. ಅದಕ್ಕೆ ಸರ್ ಒಂದು ಉಪಾಯ ಹಿಡಿದಿದ್ದರು. ನೀರಿಗೆ ನೇರಳೆ ಬಣ್ಣದ ಒಂದು ಉಪ್ಪು ಕರಗಿಸಿ, ಇನ್ನೊಂದು ಅಲೆಯಿಂದ ಅದರ ಎಲೆಕ್ಟ್ರಾನುಗಳನ್ನು ಕೆಣಕಿದರೆ ಅವು ಈ ಪುಟ್ಟ ಅಯಸ್ಕಾಂತಗಳನ್ನು ಒಂದೇ ಕಡೆಗೆ ಹೊರಳಿಸುತ್ತವೆ. "ಒಂದ ಕಡೆ ಆದ್ವು ಅಂದ್ರ, ಪಿಸುಗುಡೂದು ಬಿಟ್ಟು ಒದರ್ತಾವ ನೋಡೋ ತಮ್ಮಾ!" ಅನ್ನುತ್ತಿದ್ದರು. ಎರಡು ವರ್ಷವಾದರೂ ಒದರಿರಲಿಲ್ಲ.

ಕೂಸು ಹೋಗಿ ತಿಂಗಳಾಗಿತ್ತು. ಆ ಮಧ್ಯಾಹ್ನ ಸರ್ ಉಡುಪಿಯವರ ಹೋಟೆಲಿಗೆ ಊಟಕ್ಕೆ ಹೋಗಿದ್ದರು. ನಾನು ಹೊಸ ನಳಿಗೆ ಇಟ್ಟು ಎರಡನೆಯ ಅಲೆ ಹಚ್ಚಿದೆ. ಮುಳ್ಳು ಸರಕ್ಕನೆ ಕೆಳಗಿಳಿಯಿತು. ಗುಡ್ಡ ತಲೆಕೆಳಗಾಗಿ ಹಳ್ಳವಾಗಿತ್ತು. ಉಲ್ಟಾ!

ಬೆಳಿಗ್ಗೆ ಬೆಸೆದ ವೈರು ಅದಲುಬದಲಾಗಿರಬೇಕು ಅಂದುಕೊಂಡೆ. ಅಂದುಕೊಂಡೆ ಎನ್ನುವುದೂ ಸುಳ್ಳು. ಆ ಹಳ್ಳವನ್ನು ನೋಡಲು ನನ್ನಿಂದ ಆಗಲಿಲ್ಲ. ಎರಡೂ ವೈರು ಕಿತ್ತು ತಿರುಗಿಸಿ ಬೆಸೆದೆ. ಗುಡ್ಡ ನೆಟ್ಟಗೆ ನಿಂತಿತು.

ಸರ್ ಬಂದು ಎರಡನೆಯ ಅಲೆ ಇಲ್ಲದ ಬೆಳಗಿನ ಕಾಗದ, ಈಗಿನ ಕಾಗದ ಎರಡನ್ನೂ ಒಂದರ ಮೇಲೊಂದು ಹಿಡಿದು ಬೆಳಕಿಗೆ ನೋಡಿದರು. ಎರಡೂ ಗುಡ್ಡ ಒಂದೇ ಎತ್ತರ.

"ಏನೂ ಫರಕ ಆಗಿಲ್ಲ. ನಾಳೆ ಎಲ್ಲಾ ಬಿಚ್ಚಿಬಿಡು, ಸಾಕು," ಎಂದು ವರಾಂಡಕ್ಕೆ ಹೋಗಿ ಕೂತರು.

ನಾನು ಎರಡನೆಯ ಅಲೆ ಆರಿಸಿದೆ. ಕಾಗದ ಇನ್ನೂ ಓಡುತ್ತಿತ್ತು. ಬರೀ ನೀರಿನ ಗುಡ್ಡ ಈಗ ಕೆಳಮುಖವಾಗಿ ಮೂಡಿತು. ಅಂದರೆ ಬೆಳಗಿನ ವೈರು ಸರಿಯಾಗಿಯೇ ಇತ್ತು. ಅಲೆ ಹಚ್ಚಿದಾಗ ತಿರುಗಿದ್ದು ನೀರೇ. ಅದನ್ನು ಅಳಿಸಿದವನು ನಾನು.

ನೌಕರಿ ಹೋದರೆ ಹೋಗಲಿ ಎಂದು ವರಾಂಡಕ್ಕೆ ಹೋಗಿ ಹೇಳಿದೆ. ಸರ್ ಎದ್ದು ಒಳಗೆ ಓಡಿದರು. ಕಾಗದ ನೋಡಿ ಮೇಜು ಗುದ್ದಿದರು.

"ಹುಚ್ಚಪ್ಪಾ! ನೀರಾಗ ಅದು ಉಲ್ಟಾನ ಬರಬೇಕೋ! ಮೊದಲ ತಿರಗತೈತಿ, ಆಮ್ಯಾಲ ಅಲೆ ಜೋರ ಮಾಡಿದಂಗ ಬೆಳೀತೈತಿ. ಬಂದದ್ದನ್ನ ಯಾಕ ನೆಟ್ಟಗ ಮಾಡಿದಿ?"

"ಉಲ್ಟಾ ಬಂದ್ರ ತಪ್ಪು ಅನಕೊಂಡ್ನಿರೀ."

"ಯಾರದು ತಪ್ಪು? ಹಂಗ ಬರೂದಿತ್ತು, ಬಂತು!" ಎಂದವರು ನನ್ನ ಮುಖ ನೋಡಿದರು. ಕೂಸಿನ ವಿಷಯ ಅವರಿಗೆ ಗೊತ್ತಿತ್ತು. "ಮನೀಗೆ ಹೋಗು," ಅಂದರು.

ಚಾಳಿಗೆ ಬಂದಾಗ ಇನ್ನೂ ಬಿಸಿಲಿತ್ತು, ಸಂಜೆಯ ನೀರು ಬಿಟ್ಟಿದ್ದರು. ನಲ್ಲಿಯ ಹತ್ತಿರ ನಮ್ಮ ಕೊಡ ಸಾಲಿನಲ್ಲಿತ್ತು. ಹೆಂಗಸರು ನೋಡುತ್ತಿದ್ದಂತೆ ತುಂಬಿ ಹೆಗಲಿಗೇರಿಸಿದೆ. ಮೂರು ಮಾಳಿಗೆ ಹತ್ತುವಷ್ಟರಲ್ಲಿ ಏದುಸಿರು ಬಂತು. ತುಂಬಿದ ಬಸುರಿ ಇದನ್ನು ಹೊತ್ತು ದಿನಾ ಹತ್ತುತ್ತಿದ್ದಳು. ಅವ್ವ ಬಾಗಿಲಲ್ಲೇ, "ಇದೇನೋ, ನೀ ಯಾಕ ಹೊತ್ತಿ?" ಅಂದಳು. ನಾನು ಅವಳನ್ನು ದಾಟಿ ಹೆಂಡತಿ ಮಲಗಿದ್ದ ಗೋಡೆಯ ಕಡೆ ಹೋದೆ.

"ಕೂಸು ಉಲ್ಟಾ ಬಂದದ್ದು ನಿನ್ನ ತಪ್ಪಲ್ಲ," ಅಂದೆ, ಅವ್ವನಿಗೂ ಕೇಳುವ ಹಾಗೆ. "ಅದು ಹಂಗ ಬಂತು. ನೀರ ತರದ ಇದ್ದದ್ದು ಮಾತ್ರ ನನ್ನ ತಪ್ಪು."

ಅವಳು ಮೆಲ್ಲಗೆ ಹೊರಳಿದಳು. ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ, ನನ್ನನ್ನೇ ದಿಟ್ಟಿಸಿದಳು.

"ಇಷ್ಟ ಹೇಳಾಕ ನಿಮಗ ಒಂದ ತಿಂಗಳ ಬೇಕಾತೇನ್ರೀ?"